ಆಜಿಯೋ ಸಣ್ಣಾಕಿಯೋ

ಸಾಂತಾಕ್ರೂಜ್, ಮುಂಬಯಿ
13 ಜುಲೈ 1997

ಅಪ್ಪಾ,

ನಿಂತುಕೊಂಡು ಓದುತ್ತಿದ್ದರೆ ಮೊದಲು ಕೂತುಕೋ. ನಿನ್ನ ಮಗಳಿಗೆ ಕೈಗೆ ಗ್ರೀಸು ಹತ್ತದ ಕೆಲಸ ಸಿಕ್ಕಿದೆ. ವಿಮಾನದ ಹೊಟ್ಟೆಯ ಕೆಳಗೆ ತೆವಳಿದ್ದು ಸಾಕೆಂದು ಕಂಪನಿಯವರು ನನ್ನನ್ನು ಹ್ಯಾಂಗರಿನಿಂದ ಎತ್ತಿ ಪ್ಲ್ಯಾನಿಂಗ್ ಆಫೀಸಿಗೆ ಹಾಕಿದ್ದಾರೆ. ಫ್ಯಾನಿದೆ, ಮೇಜಿದೆ. ಮೇಜಿನ ಡ್ರಾವರು ಮಾತ್ರ ಒದ್ದರೂ ತೆರೆಯುವುದಿಲ್ಲ.

ಕೆಲಸ ಏನು ಗೊತ್ತೇ? ಯಾವ ವಿಮಾನ ಹಾರಿದ್ದು ಸಾಕು ಎಂದು ಲೆಕ್ಕ ಹಾಕಿ ಹೇಳುವುದು. ನಮ್ಮಲ್ಲಿ ಒಂದೇ ಮಾದರಿಯ ಎರಡು ಹಳೆಯ ದೊಡ್ಡ ವಿಮಾನಗಳಿವೆ. ದೊಡ್ಡವು ಎಂದರೆ ಒಳಗೆ ಓಡಾಡಲು ಎರಡು ಓಣಿ ಇರುವಂಥವು, ಮುನ್ನೂರು ಮಂದಿ ಕೂರುತ್ತಾರೆ. 1977ರಲ್ಲಿ ಬಂದದ್ದನ್ನು ಹ್ಯಾಂಗರಿನ ಮರಾಠಿ ಮಂದಿ ‘ಆಜಿ’ ಎನ್ನುತ್ತಾರೆ, ಅಂದರೆ ಅಜ್ಜಿ. 1982ರದ್ದಕ್ಕೆ ಹೆಸರಿರಲಿಲ್ಲ. ನಾನೇ ‘ಸಣ್ಣಾಕಿ’ ಎಂದು ಇಟ್ಟೆ. ಈಗ ಇಡೀ ಹ್ಯಾಂಗರು ಅರ್ಥ ಗೊತ್ತಿಲ್ಲದೆ ಸಣ್ಣಾಕಿ, ಸಣ್ಣಾಕಿ ಅನ್ನುತ್ತದೆ.

ಐದಾರು ವರ್ಷಕ್ಕೊಮ್ಮೆ ವಿಮಾನಕ್ಕೆ ಒಂದು ದೊಡ್ಡ ತಪಾಸಣೆ ಇರುತ್ತದೆ. ಸೀಟು, ನೆಲ, ಗೋಡೆ, ತಂತಿ ಎಲ್ಲ ಬಿಚ್ಚಿ ಎಲುಬಿನ ತನಕ ನೋಡುತ್ತಾರೆ. ಎರಡು ತಿಂಗಳ ಕೆಲಸ. ಹಳೆಯ ವಿಮಾನವನ್ನು ಮಾರಿದರೆ ಆ ತಪಾಸಣೆಯ ಖರ್ಚೂ ಹುಟ್ಟುವುದಿಲ್ಲ. ಅದಕ್ಕೇ ಕಂಪನಿಗಳು ತಪಾಸಣೆ ಹತ್ತಿರ ಬಂದಾಗ ಕೂತು ಯೋಚಿಸುತ್ತವೆ, ಮಾಡಿಸುವುದೋ ಕೈಬಿಡುವುದೋ ಎಂದು. ಎಣ್ಣೆ ಎಷ್ಟು ಕುಡಿಯುತ್ತದೆ, ಬಿಡಿಭಾಗ ಸಿಗುತ್ತವೆಯೇ, ಎಂಜಿನ್ ಬಿಚ್ಚಿ ಮಾರಿದರೆ ಕೊಳ್ಳುವವರಿದ್ದಾರೆಯೇ, ಎಲ್ಲ ನೋಡಬೇಕು. ನಮ್ಮ ಎರಡೂ ವಿಮಾನಗಳಿಗೆ ಬರುವ ಜನವರಿಯಲ್ಲೇ ತಪಾಸಣೆ ಬರುತ್ತದೆ. ಕಂಪನಿ ಮಾಡಿಸುವುದು ಒಂದಕ್ಕೆ ಮಾತ್ರ. ಇನ್ನೊಂದನ್ನು ಬಿಚ್ಚಿ ಬಿಡಿಭಾಗ ಮಾಡುತ್ತಾರೆ.

ಆಜಿಯೇ ಹೋಗಲಿ ಎಂದು ಎಲ್ಲರೂ ಆಗಲೇ ತೀರ್ಮಾನಿಸಿಬಿಟ್ಟಿದ್ದಾರೆ. ನಮ್ಮ ಸಾಹೇಬರಂತೂ “ಹಳೆಯದು ಮೊದಲು ಹೋಗುತ್ತದೆ, ಇದಕ್ಕೆ ಎಂಜಿನಿಯರ್ ಯಾಕೆ ಬೇಕು, ಕ್ಯಾಲೆಂಡರ್ ಸಾಕು” ಎಂದರು. ಆದರೂ ಕಾಗದ ನಾನೇ ಬರೆಯಬೇಕು, ಕೆಳಗೆ ನನ್ನ ಸಹಿ ಇರಬೇಕು. ನಾನು ಕಾಯಂ ಆಗುವುದು ಮಾರ್ಚಿನಲ್ಲಿ, ಅದೂ ಈ ಸಾಹೇಬರು ಒಪ್ಪಿದರೆ.

ನೀನು ಮೂವತ್ತು ವರ್ಷ ಡಿಪೋದಲ್ಲಿ ಬಸ್ಸುಗಳ ಕೆಳಗೆ ಮಲಗಿದವನು. ಗಾಡಿಯನ್ನು ರದ್ದಿಗೆ ಹಾಕುವಾಗ ನೀನು ಏನು ನೋಡುತ್ತಿದ್ದೆ? ಬರೆದು ತಿಳಿಸು. ಎಸ್‌ಟಿಡಿಯಲ್ಲಿ ಕೇಳಿದರೆ ನೀನು “ಹೂಂ, ಹೂಂ” ಅಂದು ಫೋನಿಡುತ್ತೀ.

ಮೇಜು ಸಿಕ್ಕ ನಿನ್ನ ಮಗಳು,
ಪ್ರಜ್ಞಾ


ಬೈಲಹೊಂಗಲ
27 ಜುಲೈ 1997

ಮಗಳೇ, ಜೈಭೀಮ.

ಎಸ್‌ಟಿಡಿ ಬೂತಿನಲ್ಲಿ ಮೀಟರು ಕೆಂಪಗೆ ಓಡುತ್ತಿದ್ದರೆ ನನಗೆ ಬಾಯೇ ಬರುವುದಿಲ್ಲ. ಅದನ್ನು ಆಡಿಕೊಳ್ಳಬೇಡ. ಸತ್ಯಪ್ಪನ ಚಹಾದಂಗಡಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ನಿನ್ನ ಪತ್ರ ಅವನಿಗೂ ಓದಿದೆ. ಆಜಿ, ಸಣ್ಣಾಕಿ ಕೇಳಿ ನಕ್ಕ. “ಇಮಾನಕ್ಕೂ ಅತ್ತಿ-ಸೊಸಿ ಜಗಳ ಹಚ್ಯಾಳೇನೋ ನಿನ್ನ ಮಗಳು” ಅಂದ.

ಕೇಳು. ಮೇಲಿನವರು ಕಿಲೋಮೀಟರು ನೋಡುತ್ತಾರೆ, ವರ್ಷ ನೋಡುತ್ತಾರೆ. ನಾನು ಬಾಗಿಲು ನೋಡುತ್ತೇನೆ.

ನಮ್ಮಲ್ಲಿ ಒಂದು ಗಾಡಿ ಮುಂಬಯಿಗೆ ಹೋಗುತ್ತದೆ. ಸಂಜೆ ಬಾಗಿಲು ಹಾಕಿದರೆ ನಿಪ್ಪಾಣಿ, ಸಾತಾರಾ, ಪುಣೆ ಇಷ್ಟೇ ಕಡೆ ತೆಗೆಯುವುದು. ಮೀಟರು ನೋಡಿದರೆ ಎದೆ ಒಡೆಯಬೇಕು, ಅಷ್ಟು ಓಡಿದೆ. ಇನ್ನೊಂದು ಗಾಡಿ ಸಂಗೊಳ್ಳಿ ಕಡೆ ಹಳ್ಳಿ ಸುತ್ತುತ್ತದೆ. ಮುಂಬಯಿ ಗಾಡಿ ಓಡಿದ್ದರ ಅರ್ಧವೂ ಅದು ಓಡಿಲ್ಲ, ವರ್ಷವೂ ಕಡಿಮೆ. ಆದರೆ ಕೈ ತೋರಿಸಿದಲ್ಲಿ ನಿಲ್ಲಬೇಕು. ನಿಂತಾಗಲೊಮ್ಮೆ ಗಾಡಿ ಜಗ್ಗುತ್ತದೆ, ಬಾಗಿಲು ಬಡಿಯುತ್ತದೆ, ಹತ್ತಿಯ ಮೂಟೆ, ಅಂಡಿಗೆ ಏರುತ್ತವೆ, ಹಾಲಿನ ಕ್ಯಾನು ಚೆಲ್ಲುತ್ತದೆ. ಮುಂಬಯಿ ಗಾಡಿಯ ಬಾಡಿ ಇವತ್ತಿಗೂ ಗಟ್ಟಿ. ಹಳ್ಳಿ ಗಾಡಿಯ ಹಿಂದಿನ ಬಾಗಿಲ ಬುಡದಲ್ಲಿ ಸ್ಕ್ರೂಡ್ರೈವರ್ ಊರಿದರೆ ಬೆಲ್ಲದಲ್ಲಿ ಇಳಿದ ಹಾಗೆ ಇಳಿಯುತ್ತದೆ.

ಗಾಡಿ ಮುದಿಯಾಗುವುದು ಓಡಿ ಅಲ್ಲ, ನಿಂತು ನಿಂತು. ಎಷ್ಟು ಸಲ ನಿಂತಿತು, ಎಲ್ಲಿ ನೀರು ಚೆಲ್ಲಿತು, ಇವೆರಡನ್ನು ಹುಡುಕು. ವಿಮಾನಕ್ಕೂ ಬಾಗಿಲಿರಬೇಕಲ್ಲ?

ನಿನ್ನ ಅವ್ವ ಹೇಳಿ ಬರೆಸುತ್ತಿದ್ದಾಳೆ: “ಮೇಜಿನ ಮುಂದ ಕುಂತು ಕುಂತು ಹೊಟ್ಟಿ ಬೆಳಸಬ್ಯಾಡ. ಖಾರಬ್ಯಾಳಿ ಕಳಸೇನಿ, ನಿಮ್ಮ ಸಾಹೇಬ್ರಿಗೂ ಕೊಡು.”

ಬಾಗಿಲು ನೋಡುವ ನಿನ್ನ ಅಪ್ಪ,
ಕಾಡಪ್ಪ


ಸಾಂತಾಕ್ರೂಜ್
24 ಆಗಸ್ಟ್ 1997

ಅಪ್ಪಾ,

ನಿನಗೆ ಒಂದು ಎಂಜಿನಿಯರಿಂಗ್ ಡಿಗ್ರಿ ಕೊಡಬೇಕು, ಸುಮ್ಮನೆ ಹೇಳುತ್ತಿಲ್ಲ.

ಹ್ಯಾಂಗರಿನಲ್ಲಿದ್ದಾಗ ನಾನೂ ಹಾರಿದ ಗಂಟೆಗಳನ್ನೇ ನೋಡುತ್ತಿದ್ದೆ. ನಿನ್ನ ಪತ್ರ ಬಂದ ದಿನ ಎರಡೂ ವಿಮಾನಗಳ ಹಳೆಯ ಪುಸ್ತಕ ತೆಗೆದು, ಅವು ಎಷ್ಟು ಸಲ ಏರಿ ಇಳಿದಿವೆ ಎಂದು ಲೆಕ್ಕ ಹಾಕಿದೆ. ಆಜಿ ಇಪ್ಪತ್ತು ವರ್ಷದಲ್ಲಿ ಹದಿಮೂರು ಸಾವಿರ ಸಲ ಇಳಿದಿದೆ. ಸಣ್ಣಾಕಿ ಹದಿನೈದೇ ವರ್ಷದಲ್ಲಿ ಇಪ್ಪತ್ನಾಲ್ಕು ಸಾವಿರ ಸಲ! ಆಜಿ ದೂರದೂರದ ದೇಶಕ್ಕೆ ಹೋಗಿ ಬರುತ್ತಿತ್ತು, ನಿನ್ನ ಮುಂಬಯಿ ಗಾಡಿ. ಸಣ್ಣಾಕಿ ಗಲ್ಫಿಗೆ, ದಿಲ್ಲಿಗೆ, ಮದ್ರಾಸಿಗೆ ದಿನಕ್ಕೆ ನಾಲ್ಕೈದು ಸಲ. ಸಮುದ್ರದ ಉಪ್ಪುಗಾಳಿ ಬೇರೆ.

ಇಳಿದದ್ದು ಯಾಕೆ ಮುಖ್ಯ ಎಂದು ನಿನಗೆ ಹೇಳುತ್ತೇನೆ. ಮೇಲೆ ಗಾಳಿ ತೆಳ್ಳಗಿರುತ್ತದೆ. ಮಂದಿ ಉಸಿರಾಡಬೇಕೆಂದು ನಾವು ಒಳಗೆ ಗಾಳಿ ತುಂಬುತ್ತೇವೆ. ಆಗ ವಿಮಾನದ ಮೈ ಸೈಕಲ್ ಟ್ಯೂಬಿನ ಹಾಗೆ ಒಂದಿಷ್ಟು ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ. ಹತ್ತು ತಾಸು ಹಾರಿದರೂ ಉಬ್ಬುವುದು ಒಂದು ಸಲ, ಒಂದು ತಾಸು ಹಾರಿದರೂ ಒಂದು ಸಲ. ಹೀಗೆ ಉಬ್ಬಿ ಕುಗ್ಗಿ ತಗಡು ದಣಿಯುತ್ತದೆ. ಬಾಗಿಲಿನ ಮೂಲೆಗಳಲ್ಲಿ ಮೊದಲು ದಣಿಯುತ್ತದೆ.

ಇಷ್ಟನ್ನೂ ಬರೆದು ಸಾಹೇಬರ ಮುಂದಿಟ್ಟೆ. ಅವರೇನೂ ಕೆಟ್ಟವರಲ್ಲ, ಕೂತು ಎರಡು ಸಲ ಓದಿದರು. ಆಮೇಲೆ ಹೇಳಿದರು: “ಎರಡೂ ತಯಾರಕರು ಹಾಕಿದ ಮಿತಿಯೊಳಗೇ ಇವೆ. ಇಪ್ಪತ್ತು ವರ್ಷದ್ದನ್ನು ಇಟ್ಟುಕೊಂಡು ಹದಿನೈದು ವರ್ಷದ್ದನ್ನು ಒಡೆದರೆ ಬೋರ್ಡಿನವರು ನಮ್ಮ ಮುಖ ನೋಡಿ ನಗುತ್ತಾರೆ.” ಮಿತಿ ಮೀರಿಲ್ಲ ಸರ್, ಆದರೆ ನೆಲ ಬಿಚ್ಚಿದ ಮೇಲೆ ರಿಪೇರಿ ಎರಡು ತಿಂಗಳ ಬದಲು ಆರು ತಿಂಗಳಾದರೆ, ಬಿಚ್ಚದ ಕಡೆ ಏನಾದರೂ ಉಳಿದುಹೋದರೆ, ಎಂದೆ. “ಆದರೆ, ಹೋದರೆ ಎಂಬುದಕ್ಕೆ ಬೋರ್ಡು ದುಡ್ಡು ಕೊಡುವುದಿಲ್ಲ” ಎಂದರು.

ಈಗ ಅವರೇ ಒಂದು ಕಾಗದ ಟೈಪು ಮಾಡಿಸಿದ್ದಾರೆ. ಆಜಿ ಹೋಗಲಿ, ಸಣ್ಣಾಕಿ ಉಳಿಯಲಿ. ಕೆಳಗೆ ನನ್ನ ಹೆಸರು. ಸೆಪ್ಟೆಂಬರ್ ಹದಿನೈದರೊಳಗೆ ಸಹಿ ಹಾಕಬೇಕು. ಎಲ್ಲರೂ ಹಾಕು ಎನ್ನುತ್ತಾರೆ. ಮಾರ್ಚಿಗೆ ಕಾಯಂ ಆಗಲಿ, ಆಮೇಲೆ ನಿನ್ನ ಬುದ್ಧಿವಂತಿಕೆ ತೋರಿಸು ಅಂತ. ಅಪ್ಪಾ, ನನಗೆ ನಿಜವಾಗಿಯೂ ಅಂಜಿಕೆಯಾಗುತ್ತಿದೆ. ಹಾಕಲೇನು?

ಪ್ರಜ್ಞಾ


ಬೈಲಹೊಂಗಲ
2 ಸೆಪ್ಟೆಂಬರ್ 1997

ಮಗಳೇ,

ಹಾಕಬೇಡ.

ಇಷ್ಟೇ ಬರೆದು ಲಕೋಟೆ ಮುಚ್ಚಿದ್ದೆ. ಮತ್ತೆ ಒಡೆದೆ. ಕಾರಣ ಹೇಳದೆ ಬೇಡ ಅಂದರೆ ನೀನು ಕೇಳುವವಳಲ್ಲ.

1981ರ ಮಾತು. ಆಗ ನಾನಿದ್ದ ಡಿಪೋ ಬೇರೆ, ಅದರ ಹೆಸರು ಬೇಡ. ಸವದತ್ತಿ ಗುಡ್ಡಕ್ಕೆ ಹೋಗುವ ಒಂದು ಗಾಡಿ ನನ್ನ ಕೈಯಲ್ಲಿತ್ತು. ಮಂದಿ ಜೋಗುಳಬಾವಿಯಲ್ಲಿ ಮಿಂದು, ಒದ್ದೆ ಸೀರೆ, ಒದ್ದೆ ಧೋತರದಲ್ಲೇ ಹಿಂದಿನ ಬಾಗಿಲಿನಿಂದ ಏರುತ್ತಿದ್ದರು. ವರ್ಷಗಟ್ಟಲೆ ಆ ನೀರು ಒಂದೇ ಕಡೆ ಇಳಿದು, ಮೇಲೆ ಹಲಗೆ, ಕೆಳಗೆ ಕಬ್ಬಿಣ ಎರಡೂ ತಿಂದುಹೋಗಿದ್ದವು. ನಾನು ಸ್ಕ್ರೂಡ್ರೈವರ್ ಊರಿ ನೋಡಿದ್ದೆ. ಮೇಲಿನವನಿಗೆ ಬಾಯಿಮಾತಿನಲ್ಲಿ ಹೇಳಿದೆ. ಅವನು, “ಇನ್ನೂ ನಲವತ್ತು ಸಾವಿರ ಕಿಲೋಮೀಟರ್ ಓಡಬೇಕಲೇ ಇದು. ಬನದ ಹುಣ್ಣಿಮಿ ಜಾತ್ರಿ ಮುಗೀಲಿ, ಆಮ್ಯಾಲ ನೋಡೂಣು” ಅಂದ. ನಾನು ರಿಜಿಸ್ಟರಿನಲ್ಲಿ ‘ಗಾಡಿ ಸರಿ ಇದೆ’ ಎಂದು ಬರೆದೆ. ಬರೆದದ್ದು ನಾನು, ಅವನಲ್ಲ.

ಮೂರನೆಯ ದಿನ ಗುಡ್ಡದ ಏರಿನಲ್ಲಿ ಬಾಗಿಲ ಬುಡದ ನೆಲ ಕುಸಿಯಿತು. ಅಲ್ಲಿ ನಿಂತವನು ಕಂಡಕ್ಟರ್. ಎಡಗಾಲು ಕೆಳಗಿಳಿದು ಚಕ್ರಕ್ಕೆ ಸಿಕ್ಕಿತು. ಪಾದದ ಮುಂದಿನ ಅರ್ಧ ಹೋಯಿತು. ಮಂದಿ ಹೆಚ್ಚಾಗಿ ಕುಸಿಯಿತು ಎಂದು ತನಿಖೆಯವರು ಬರೆದುಕೊಂಡರು. ನಾನು ಸುಮ್ಮನಿದ್ದೆ. ಆ ಕಂಡಕ್ಟರ್ ನಮ್ಮ ಸತ್ಯಪ್ಪ.

ನೀನು ಸಣ್ಣವಳಿದ್ದಾಗ, “ಸತ್ಯಪ್ಪ ಕಾಕಾ ಯಾಕ ಕುಂಟತಾನ?” ಎಂದು ಕೇಳಿದ್ದೆ. ನಾನು ಗದರಿಸಿದ್ದೆ. ಹದಿನಾರು ವರ್ಷವಾಯಿತು, ದಿನಕ್ಕೆ ಎರಡು ಸಲ ಅವನ ಕೈಯ ಚಹಾ ಕುಡಿಯುತ್ತೇನೆ, ಅವನಿಗೆ ಇದನ್ನು ಹೇಳಿಲ್ಲ. ನಿನ್ನ ಅವ್ವನಿಗೂ ಹೇಳಿಲ್ಲ. ನಿನಗೇ ಮೊದಲು.

ನೌಕರಿ ಹೋದರೆ ಹೋಗಲಿ, ಬಾ. ರೊಟ್ಟಿಗೆ ಕೊರತೆಯಿಲ್ಲ. ಆದರೆ ಗೊತ್ತಿದ್ದೂ ಸುಳ್ಳಿನ ಕೆಳಗೆ ಹೆಸರು ಬರೆಯಬೇಡ. ಬಾಯಿಮಾತಿನಲ್ಲಿ ಹೇಳಿದೆ ಎಂಬ ಸಮಾಧಾನವನ್ನೂ ಮಾಡಿಕೊಳ್ಳಬೇಡ. ಕಾಗದದ ಮೇಲೆ ಹೇಳು.

ನಿನ್ನ ಅಪ್ಪ


ಸಾಂತಾಕ್ರೂಜ್
21 ಸೆಪ್ಟೆಂಬರ್ 1997

ಅಪ್ಪಾ,

ನಿನ್ನ ಪತ್ರವನ್ನು ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಓದಿದೆ. ಅದರ ಬಗ್ಗೆ ಈಗ ಏನು ಬರೆಯಲಿ, ಗೊತ್ತಾಗುತ್ತಿಲ್ಲ. ಆಗಿದ್ದನ್ನು ಮಾತ್ರ ಹೇಳುತ್ತೇನೆ.

ಹದಿನೈದರಂದು ಸಾಹೇಬರ ಕೋಣೆಗೆ ಹೋಗಿ ಅವರ ಕಾಗದವನ್ನು ಸಹಿ ಹಾಕದೆಯೇ ವಾಪಸು ಇಟ್ಟೆ. ಪಕ್ಕದಲ್ಲಿ ನನ್ನ ಕಾಗದ ಇಟ್ಟೆ, ಸಹಿ ಹಾಕಿ. ಸಣ್ಣಾಕಿ ಹೋಗಲಿ, ಆಜಿ ಉಳಿಯಲಿ. ಸಹಿ ಕೋಳಿ ಕೆದರಿದ ಹಾಗಿತ್ತು. ಸಾಹೇಬರ ಕಿವಿ ಕೆಂಪಾದವು. “ಇದರ ಅರ್ಥ ಗೊತ್ತೇ ನಿನಗೆ?” ಎಂದರು. ಗೊತ್ತು ಸರ್ ಎಂದೆ.

ಎರಡೂ ಕಾಗದ ಹಿಡಿದುಕೊಂಡು ನನ್ನನ್ನು ಚೀಫ್ ಎಂಜಿನಿಯರರ ಹತ್ತಿರ ಕರೆದುಕೊಂಡು ಹೋದರು. ಚೀಫ್ ಮಾತು ಕಡಿಮೆಯ ಮನುಷ್ಯ. “ಸಣ್ಣಾಕಿ ಅಕ್ಟೋಬರ್ ಕೊನೆಗೆ ಒಂದು ದಿನ ನಿಲ್ಲುತ್ತದೆ. ಮೂರು ಕಡೆ ನೆಲ ಬಿಚ್ಚಿ ತೋರಿಸುತ್ತೇನೆ. ಎಲ್ಲಿ ಎಂದು ನೀನೇ ಹೇಳು. ಮೂರರಲ್ಲೂ ಏನೂ ಸಿಗದಿದ್ದರೆ ಆಜಿ ಹೋಗುತ್ತದೆ. ನೀನು ಹ್ಯಾಂಗರಿಗೆ ವಾಪಸು ಹೋಗುತ್ತೀ. ಕಾಯಂ ಆಗುವ ಮಾತು ಇನ್ನೆರಡು ವರ್ಷ ಎತ್ತಬೇಡ” ಎಂದರು. ಆಗಲಿ ಎಂದೆ.

ಸಾಹೇಬರು ಈಗ ಮಾತಾಡುತ್ತಿಲ್ಲ. ಊಟದ ಮೇಜಿನಲ್ಲಿ ನನ್ನ ಪಕ್ಕ ಕೂರುವವರು ಒಬ್ಬರೇ, ಬಾಳು ಕಾಕಾ. ರಾಮದುರ್ಗದವರು, ಇಪ್ಪತ್ತೈದು ವರ್ಷದಿಂದ ವಿಮಾನದ ತಗಡಿನ ಕೆಲಸ. ನೆಲ ಬಿಚ್ಚುವವರು ಅವರೇ. “ನಿಮ್ಮಪ್ಪ ಬಾಗಲದ ಮಾತು ಹೇಳ್ಯಾರಲಾ, ಖರೇ ಅದ ಬಿಡು. ಆದ್ರ ಮೂರಾ ಕಡೆ ಅಂದ್ರ ಭಾಳ ಕಮ್ಮಿ ಆತು ತಂಗಿ” ಎನ್ನುತ್ತಾರೆ. ಅವ್ವ ಕಳಿಸಿದ ಖಾರಬೇಳೆಯನ್ನು ಇಬ್ಬರೂ ಕೂತು ತಿಂದು ಮುಗಿಸಿದೆವು.

ನೀನು ಸತ್ಯಪ್ಪ ಕಾಕಾಗೆ ಹೇಳುತ್ತೀಯೇನು?

ಪ್ರಜ್ಞಾ


ಬೈಲಹೊಂಗಲ
10 ಅಕ್ಟೋಬರ್ 1997

ಮಗಳೇ,

ಹೇಳಿದೆ.

ನೀನು ಚೀಫಿನ ಎದುರು ನಿಂತದ್ದು ಓದಿದ ಮೇಲೆ ನನಗೆ ಕೂರಲು ಆಗಲಿಲ್ಲ. ಇಪ್ಪತ್ತೈದರ ಹೆಣ್ಣುಮಗಳು ನಿಂತಳು, ಐವತ್ತಾರರ ನಾನು ಗಲ್ಲಾಪೆಟ್ಟಿಗೆಯ ಹಿಂದೆ ಕೂತ ಗೆಳೆಯನಿಗೆ ಅಂಜಿ ಕೂತಿದ್ದೇನೆ. ನಾಚಿಕೆಯಾಯಿತು. ಮಧ್ಯಾಹ್ನ ಅಂಗಡಿ ಖಾಲಿ ಇದ್ದಾಗ ಹೋಗಿ ಎಲ್ಲ ಹೇಳಿದೆ. ಸ್ಕ್ರೂಡ್ರೈವರ್ ಊರಿದ್ದು, ರಿಜಿಸ್ಟರು, ಎಲ್ಲ.

ಅವನು ಸ್ಟೋವಿನ ಉರಿ ಸಣ್ಣ ಮಾಡಿದ. “ನಿನಗ ಗೊತ್ತಿತ್ತು?” ಅಂದ. ಹೂಂ ಅಂದೆ. “ಗೊತ್ತಿದ್ದೂ ಬರದಿ?” ಹೂಂ. “ಎದ್ದು ಹೋಗು” ಅಂದ. ಎದ್ದು ಬಂದೆ.

ಇವತ್ತಿಗೆ ಹನ್ನೊಂದು ದಿನ, ಅಂಗಡಿಯ ಕಡೆ ಹೋಗಿಲ್ಲ. ಬಸ್‌ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ಕುಡಿಯುತ್ತೇನೆ. ಅದು ಚಹಾ ಅಲ್ಲ, ಪಾತ್ರೆ ತೊಳೆದ ನೀರು. ನಿನ್ನ ಅವ್ವನಿಗೂ ಹೇಳಿದೆ. ಮೂರನೆಯ ದಿನ ರೊಟ್ಟಿ ಬಡಿಯುತ್ತಾ, “ಹೇಳಿದ್ದು ಚೊಲೋ ಆತು” ಅಂದಳು, ಅಷ್ಟೇ.

ನನ್ನ ಎದೆಯ ಮೇಲಿಂದ ಎತ್ತಿನ ಗಾಡಿ ಇಳಿದಿದೆ, ಸುಳ್ಳು ಹೇಳುವುದಿಲ್ಲ. ಆದರೆ ಗೆಳೆಯ ಹೋದ. ಎರಡೂ ಖರೆ.

ಮೂರು ಕಡೆ ಅಂದರಲ್ಲ, ಬುದ್ಧಿ ಉಪಯೋಗಿಸು. ವಿಮಾನದಲ್ಲಿ ಚಹಾ ಎಲ್ಲಿ ಕುದಿಸುತ್ತಾರೆ? ಕೈ ಎಲ್ಲಿ ತೊಳೆಯುತ್ತಾರೆ? ಮಂದಿ ಎಲ್ಲಿ ಏರುತ್ತಾರೆ? ಇವು ಮೂರೂ ಹತ್ತಿರ ಹತ್ತಿರ ಇರುವ ಜಾಗವನ್ನು ಮೊದಲು ಹಿಡಿ.

ನಿನ್ನ ಅಪ್ಪ


ಸಾಂತಾಕ್ರೂಜ್
2 ನವೆಂಬರ್ 1997

ಅಪ್ಪಾ! ಅವ್ವಾ! ಓಣಿಯವರೆಲ್ಲ ಕೇಳ್ರಿ!

ಮೊನ್ನೆ ಮಂಗಳವಾರ, ದೀಪಾವಳಿಗೆ ಎರಡು ದಿನವಿದ್ದಾಗ, ಸಣ್ಣಾಕಿ ಬೆಳಿಗ್ಗೆ ಏಳಕ್ಕೆ ಹ್ಯಾಂಗರಿನೊಳಗೆ ಬಂತು. ಚೀಫ್ ಬಂದರು. ಸಾಹೇಬರು ಕೈ ಕಟ್ಟಿಕೊಂಡು ದೂರ ನಿಂತರು. ಕೆಲಸವಿಲ್ಲದವರೂ ಕೆಲಸ ಬಿಟ್ಟು ಬಂದಿದ್ದರು. ನಾನು ಮೂರು ಜಾಗಕ್ಕೆ ಸೀಮೆಸುಣ್ಣದಿಂದ ಗೆರೆ ಹಾಕಿಟ್ಟಿದ್ದೆ.

ಮೊದಲನೆಯದು ಮುಂದಿನ ಅಡುಗೆಕೋಣೆಯ ಕೆಳಗೆ. ಬಾಳು ಕಾಕಾ ಹಲಗೆ ಎತ್ತಿದರು. ಟಾರ್ಚು ಹಾಕಿದರು. ಹೊಸ ತಾಟಿನ ಹಾಗೆ ಹೊಳೆಯುತ್ತಿತ್ತು. ಏನೇನೂ ಇಲ್ಲ. ಹಿಂದೆ ಯಾರೋ ಕಿಸಕ್ಕೆಂದು ನಕ್ಕರು.

ಎರಡನೆಯದು ನಡುವಿನ ಶೌಚಾಲಯದ ಕೆಳಗೆ. ಬಣ್ಣ ಸ್ವಲ್ಪ ಎದ್ದಿತ್ತು, ಅಷ್ಟೇ. ಸಾಹೇಬರು ಗಡಿಯಾರ ನೋಡಿಕೊಂಡರು. ಇದು ಯಾವ ವಿಮಾನದಲ್ಲೂ ಇರುತ್ತದೆ ಎಂದರು, ನಿಜವೂ ಹೌದು. ಅಪ್ಪಾ, ಮೊದಲು ಹಿಡಿ ಎಂದು ನೀನು ಹೇಳಿದ ಜಾಗವನ್ನು ನಾನು ಭಂಡತನದಿಂದ ಕೊನೆಗಿಟ್ಟಿದ್ದೆ.

ಮೂರನೆಯದು ಹಿಂದಿನ ಬಾಗಿಲ ಬುಡ. ಅಲ್ಲೇ ಪಕ್ಕಕ್ಕೆ ಚಹಾ ಕುದಿಸುವ ಜಾಗ, ಎದುರಿಗೆ ಕೈ ತೊಳೆಯುವ ಜಾಗ. ಹಲಗೆ ಸುಲಭಕ್ಕೆ ಏಳಲಿಲ್ಲ. ಸ್ಕ್ರೂಗಳು ಕಚ್ಚಿಕೊಂಡಿದ್ದವು. ಬಾಳು ಕಾಕಾ ಒಂದೊಂದನ್ನೇ ಕೊರೆದು ತೆಗೆದರು, ಮುಕ್ಕಾಲು ತಾಸು ಹಿಡಿಯಿತು. ಎತ್ತಿ ಒಳಗೆ ನೋಡಿದರು. ಟಾರ್ಚನ್ನು ಚೀಫಿನ ಕೈಗೆ ಕೊಟ್ಟು ಸರಿದರು.

ಅಲ್ಯೂಮಿನಿಯಮ್ಮಿಗೆ ಕಬ್ಬಿಣದ ಹಾಗೆ ಕೆಂಪು ತುಕ್ಕು ಹಿಡಿಯುವುದಿಲ್ಲ. ಬಿಳಿ ಪುಡಿಯಾಗುತ್ತದೆ, ಹಪ್ಪಳದ ಹಾಗೆ ಪದರ ಪದರ ಏಳುತ್ತದೆ. ನೆಲವನ್ನು ಹೊರುವ ತೊಲೆಯ ಅರ್ಧ ಹಾಗೆಯೇ ಎದ್ದುಬಂದಿತ್ತು. ಅದರ ಮೇಲೆ, ಬಾಗಿಲ ಚೌಕಟ್ಟಿನ ಮೂಲೆಯಲ್ಲಿ, ನನ್ನ ಬೆರಳಿನಷ್ಟು ಉದ್ದದ ಬಿರುಕು. ಅದು ಇನ್ನೂ ಬೆಳೆಯುತ್ತಿದ್ದ ಬಿರುಕು, ಅಪ್ಪಾ. ಇಪ್ಪತ್ನಾಲ್ಕು ಸಾವಿರ ಸಲ ಉಬ್ಬಿ ಕುಗ್ಗಿ ಆದದ್ದು. ಮುಂದಿನ ಹತ್ತು ವರ್ಷ ಇದನ್ನೇ ಹಾರಿಸುತ್ತೇವೆ ಎಂದು ಅವರು ಟೈಪು ಮಾಡಿಸಿದ್ದರು!

ಚೀಫ್ ಮಂಡಿಯೂರಿ ಹತ್ತು ನಿಮಿಷ ನೋಡಿದರು. ಎದ್ದು, “ಇವತ್ತಿನಿಂದ ಇದು ಮಂದಿಯನ್ನು ಹೊರುವುದಿಲ್ಲ” ಎಂದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, “ಆ ಹುಡುಗಿಯ ಕಾಗದ ತನ್ನಿ, ಅದಕ್ಕೆ ನಾನು ಸಹಿ ಹಾಕುತ್ತೇನೆ” ಎಂದರು.

ಬಾಳು ಕಾಕಾ ನನ್ನ ತಲೆಗೆ ಒಂದು ಬಿಟ್ಟರು, ಪ್ರೀತಿಯಿಂದ. “ಬೈಲಹೊಂಗಲದ ಬಸ್ಸಿನ ಮಂದಿ ಇಮಾನದವರಿಗೆ ಪಾಠಾ ಹೇಳಿದ್ರ ನೋಡ್ರೆಪಾ” ಎಂದು ಕೂಗಿದರು. ಸೀಟಿ ಬಿದ್ದವು. ನಾನು ನಕ್ಕೆನೋ ಅತ್ತೆನೋ ನನಗೇ ಗೊತ್ತಿಲ್ಲ. ಜನವರಿಗೆ ಆಜಿಯ ತಪಾಸಣೆ ಶುರು.

ಗೆದ್ದ ಮಗಳು,
ಪ್ರಜ್ಞಾ


ಬೈಲಹೊಂಗಲ
16 ನವೆಂಬರ್ 1997

ನನ್ನವ್ವಾ,

ನಿನ್ನ ಪತ್ರವನ್ನು ಡಿಪೋದಲ್ಲಿ ಗುಂಡಿಯೊಳಗೆ ನಿಂತು ಓದಿದೆ, ತಲೆಯ ಮೇಲೆ ಗಾಡಿ ಇತ್ತು. ಎಲ್ಲರನ್ನೂ ಕೂಗಿ ಕರೆದೆ. ಶಂಕ್ರೆಪ್ಪ ಮ್ಯಾನೇಜರ್ ಸಾಹೇಬರು ಪೇಢೆ ತರಿಸಿದರು. ಆ ಬಿಸಿಯಲ್ಲೇ ನಾನು ಸಂಗೊಳ್ಳಿ ಗಾಡಿಯ ರಿಜಿಸ್ಟರು ತೆಗೆದು ‘ಬಾಡಿ ಕೆಟ್ಟಿದೆ, ರಸ್ತೆಗೆ ಬೇಡ’ ಎಂದು ಬರೆದೆ. ಸಾಹೇಬರು ಪೇಢೆ ನುಂಗುತ್ತಲೇ ಓದಿದರು. “ಇದೇನ್ರಿ ಕಾಡಪ್ಪ, ಬಾಯಿ ಸಿಹಿ ಮಾಡಿ ಕಹೀ ಮಾಡಿದ್ರಿ” ಅಂದರು. ಆದರೆ ಗಾಡಿಯನ್ನು ರಸ್ತೆಯಿಂದ ತೆಗೆದರು.

ಸತ್ಯಪ್ಪನ ಜೊತೆ ಇನ್ನೂ ಮಾತಿಲ್ಲ. ನಿನ್ನೆ ಅಂಗಡಿಯ ಮುಂದೆ ಹಾಯ್ದಾಗ ಒಳಗಿನಿಂದಲೇ, ನನ್ನ ಮುಖ ನೋಡದೆ, “ಏನಾತಂತ ಅಕಿ ಇಮಾನಾ?” ಅಂದ. ಬಾಗಿಲ ಬುಡ ಹೋಗಿತ್ತಂತ, ಅಂದೆ. “ಹಂ” ಅಂದ. ಅಷ್ಟಕ್ಕೇ ನನಗೆ ಊಟ ರುಚಿಸಿತು.

ಉಬ್ಬಿದ ಅಪ್ಪ,
ಕಾಡಪ್ಪ


ಸಾಂತಾಕ್ರೂಜ್
29 ಮಾರ್ಚ್ 1998

ಅಪ್ಪಾ,

ಯುಗಾದಿಯ ಬೇವು-ಬೆಲ್ಲ ಈ ಸಲ ಬಾಳು ಕಾಕಾನ ಮನೆಯಲ್ಲಿ ಆಯಿತು. ಸುದ್ದಿ ಮೂರಿವೆ, ದೊಡ್ಡದನ್ನು ಮೊದಲು ಹೇಳುತ್ತೇನೆ.

ಆಜಿ ಹಾರಿದಳು. ಅರವತ್ತೆಂಟು ದಿನ ಅವಳನ್ನು ಎಲುಬಿನ ತನಕ ಬಿಚ್ಚಿ ನೋಡಿದೆವು. ಹಿಂದಿನ ಬಾಗಿಲ ಬುಡದಲ್ಲಿ ಬಾಳು ಕಾಕಾ ಅರ್ಧ ದಿನ ಕೈಯಾಡಿಸಿದರು. ಐದಾರು ವರ್ಷದ ಧೂಳು, ಒಂದು ಚಮಚ, ಯಾರದೋ ಮೂಗುತಿ ಸಿಕ್ಕವು. ಬಿರುಕು ಸಿಗಲಿಲ್ಲ. ಸಣ್ಣಾಕಿಯ ಒಂದು ಎಂಜಿನ್ ಬಹಳ ಚೆನ್ನಾಗಿತ್ತು, ಅದು ಈಗ ಆಜಿಯ ರೆಕ್ಕೆಯ ಕೆಳಗಿದೆ. ಹಾಗಾಗಿ ಸಣ್ಣಾಕಿಯೂ ಪೂರ್ತಿ ಹೋಗಿಲ್ಲ.

ದೊಡ್ಡ ತಪಾಸಣೆಯ ನಂತರ ಮೊದಲ ಸಲ ಮಂದಿಯಿಲ್ಲದೆ ಹಾರಿಸಿ ನೋಡುತ್ತಾರೆ. ಗುರುವಾರ ಬೆಳಿಗ್ಗೆ ನಾನು ಕೆಳಗೆ ನಿಂತು ನೋಡುತ್ತಿದ್ದೆ. ಸಾಹೇಬರು ಬಂದು, ಆರು ತಿಂಗಳಲ್ಲಿ ಮೊದಲ ಸಲ ನನ್ನ ಕಣ್ಣಲ್ಲಿ ಕಣ್ಣಿಟ್ಟು, “ಇದು ಗಟ್ಟಿ ಎಂದು ಬರೆದವಳು ನೀನು. ನೀನೂ ವಿಮಾನ ಹತ್ತು” ಎಂದರು. ಬೈಗುಳ ಎಂದುಕೊಂಡೆ. ಅಲ್ಲ, ಕೈ ಕುಲುಕಿದರು. “ನನಗೆ ಕ್ಯಾಲೆಂಡರ್ ಸಾಕಾಗಿತ್ತು, ತಪ್ಪು ನನ್ನದು” ಎಂದರು. ದೊಡ್ಡ ಮನುಷ್ಯ, ಅಪ್ಪಾ, ಅಷ್ಟು ಮಂದಿಯ ಮುಂದೆ ಹೇಳಿದರು.

ಮುನ್ನೂರು ಸೀಟಿನಲ್ಲಿ ನಾವು ಒಂಬತ್ತೇ ಜನ. ಓಡಿ, ಮೂಗು ಎತ್ತಿ, ಸಮುದ್ರದ ಮೇಲೆ ಬಂದೆವು. ಗಾಳಿ ತುಂಬುತ್ತಾ ಹೋದ ಹಾಗೆ ನಾನು ಹಿಂದಿನ ಬಾಗಿಲಿಗೆ ಕಿವಿಯಿಟ್ಟು ಕೂತಿದ್ದೆ. ಒಂದು ಸಿಳ್ಳೂ ಇಲ್ಲ, ಒಂದು ಕಿರುಗುಡುವಿಕೆಯೂ ಇಲ್ಲ. ಪೂರ್ತಿ ಎತ್ತರಕ್ಕೆ ಹೋದಾಗ ಮುಂದಿನಿಂದ ಬಾಳು ಕಾಕಾ, “ತಂಗೀ, ಮುದಿಕೀ ಘಟ್ಟಿ ಅದಾಳ!” ಎಂದು ಒದರಿದರು. ನಾನು ಎರಡೂ ಓಣಿಗಳಲ್ಲಿ ಹುಚ್ಚಿಯ ಹಾಗೆ ಒಂದು ಸುತ್ತು ಓಡಿದೆ. ಯಾರೂ ಬೈಯಲಿಲ್ಲ.

ಎರಡನೆಯ ಸುದ್ದಿ, ಕಂಪನಿ ಇನ್ನು ಮುಂದೆ ವಿಮಾನ ಕೈಬಿಡುವ ಕಾಗದದಲ್ಲಿ ಮೊದಲ ಸಾಲಿಗೆ ವಯಸ್ಸು ಬರೆಯುವುದಿಲ್ಲ, ಎಷ್ಟು ಸಲ ಇಳಿದಿದೆ ಎಂದು ಬರೆಯುತ್ತದೆ. ಮೂರನೆಯದು, ನಾನು ಕಾಯಂ ಆದೆ.

ನಾಳೆಯಿಂದ ಆಜಿ ಮಂದಿಯನ್ನು ಹೊರುತ್ತಾಳೆ. ಈ ಪತ್ರವನ್ನು ಸತ್ಯಪ್ಪ ಕಾಕಾಗೆ ಓದಿ ಹೇಳು. ಅವರು ಕೇಳದಿದ್ದರೂ ಓದು.

ಆಕಾಶದಿಂದ ಇಳಿದುಬಂದ,
ಪ್ರಜ್ಞಾ


ಬೈಲಹೊಂಗಲ
12 ಏಪ್ರಿಲ್ 1998

ನನ್ನವ್ವಾ,

ಓದಿದೆ. ಆರು ತಿಂಗಳ ಮೇಲೆ ಅವನ ಅಂಗಡಿಯ ಮೆಟ್ಟಿಲು ಹತ್ತಿದೆ. ನಾಲ್ಕಾರು ಗಿರಾಕಿಗಳಿದ್ದರು. “ಕೂಡು” ಅನ್ನಲಿಲ್ಲ, “ಹೋಗು” ಅಂತಲೂ ಅನ್ನಲಿಲ್ಲ. ನಿಂತೇ ಓದಿದೆ, ಮೊದಲಿನಿಂದ ಕೊನೆಯವರೆಗೆ. ನೀನು ಓಣಿಯಲ್ಲಿ ಓಡಿದ್ದಕ್ಕೆ ಗಿರಾಕಿಗಳು ನಕ್ಕರು. ಸಾಹೇಬರು ತಪ್ಪು ನನ್ನದು ಅಂದದ್ದು ಬಂದಾಗ ಓದುವುದು ನಿಲ್ಲಿಸಿ ಕಾಗದ ಕೆಳಗಿಳಿಸಿದೆ. ಮುಂದಿನ ಸಾಲು ಒಬ್ಬ ಗಿರಾಕಿ ಇಣುಕಿ ಓದಿದ.

ಸತ್ಯಪ್ಪ ಸ್ಟೋವಿನ ಮುಂದಿಂದ ಎದ್ದ. ಎಲ್ಲರಿಗೂ ಚಹಾ ಹಾಕಿದ, ದುಡ್ಡು ಬೇಡ ಅಂದ. ನನಗೂ ಒಂದು ಕಪ್ಪು ತಂದಿಟ್ಟ. ಕುಂಟುತ್ತಾ ಬಂದು ಎದುರಿಗೆ ಕೂತ. ಅಂಗಡಿಯೆಲ್ಲ ಕೇಳುವ ಹಾಗೆ ಹೇಳಿದ, ಅವನ ಮಾತನ್ನು ಹಾಗೆಯೇ ಬರೆಯುತ್ತೇನೆ:

“ಕಾಡ್ಯಾ, ಅವತ್ತ ನೀ ಖರೇ ಬರೀಬೇಕಿತ್ತು, ಬರೀಲಿಲ್ಲ. ಅದನ್ನ ನಾ ಸಾಯೂತನಕ ಮರಿಯಂಗಿಲ್ಲ. ಆದ್ರ ಈ ಕಾಲ ಹೋಗಿದ್ದು ಇವತ್ತಿನ ತನಾ ಯಾರಿಗೂ ಉಪಯೋಗ ಇದ್ದಿಲ್ಲ. ಇವತ್ತ ಮುನ್ನೂರು ಮಂದಿಗೆ ಆತು. ಬರದು ತಿಳಸು ಆ ಹುಡಿಗಿಗೆ.”

ಅಂಗಡಿಯಲ್ಲೇ, ಅಷ್ಟು ಮಂದಿಯ ಎದುರಿಗೇ ಅತ್ತೆ. ಬರೆದು ತಿಳಿಸಿದ್ದೇನೆ.

ನಿನ್ನ ಅಪ್ಪ,
ಕಾಡಪ್ಪ